ಬಯಲಿಗೆ ಮರಳಿದ ಪದ

ಸಿ. ಅಶ್ವಥ್ ಅವರ ಕ್ಯಾಸೆಟ್‌ಗಳನ್ನು ಕೇಳುತ್ತಲೇ ಬೆಳೆದವನು ನಾನು. ಅವುಗಳಲ್ಲಿ ಒಂದೊಂದು ವಾದ್ಯವೂ ಸ್ಪಷ್ಟ, ಶ್ರುತಿ ಎಲ್ಲೂ ಅಲುಗುವುದಿಲ್ಲ. ಆದರೂ ಒಂದನ್ನೇ ಇಟ್ಟುಕೋ ಎಂದರೆ ನಾನು ಕೈ ಹಾಕುವುದು ‘ಕನ್ನಡವೇ ಸತ್ಯ’ಕ್ಕೆ. 2005ರ ಏಪ್ರಿಲ್‌ನಲ್ಲಿ ಬೆಂಗಳೂರಿನ ಅರಮನೆ ಮೈದಾನದಲ್ಲಿ, ಲಕ್ಷಕ್ಕೂ ಮಿಕ್ಕಿ ನೆರೆದ ಜನರ ಎದುರು ಅವರು ಹಾಡಿದ ಕಾರ್ಯಕ್ರಮದ ಧ್ವನಿಮುದ್ರಣ ಅದು. ಸುಗಮ ಸಂಗೀತಕ್ಕೆ ಅಷ್ಟು ಜನ ಸೇರಿದ್ದನ್ನು ಕನ್ನಡ ನಾಡು ಅದಕ್ಕೂ ಮೊದಲು ಕಂಡಿರಲಿಲ್ಲ.

ಅದು ಯಾಕೆ ಅಷ್ಟು ಹಿಡಿಸಿತು ಎಂಬುದಕ್ಕೆ ಉತ್ತರ ಬೆಂಗಳೂರಿಗಿಂತ ನಮ್ಮ ತೆಲಸಂಗದ ಭಜನೆಯಲ್ಲಿದೆ. ಅಥಣಿಯಿಂದ ವಿಜಯಪುರಕ್ಕೆ ಹೋಗುವ ಹಾದಿಯ ಈ ಸೀಮೆಯಲ್ಲಿ ಅಮಾವಾಸ್ಯೆ ಬಂತೆಂದರೆ ಗುಡಿಯಲ್ಲಿ ಭಜನೆ. ಒಬ್ಬರ ಮುಂದೆ ಪೇಟಿ, ಒಬ್ಬರ ಕೈಯಲ್ಲಿ ದಮ್ಮಡಿ, ಉಳಿದವರಿಗೆಲ್ಲ ತಾಳ. ಶಿಶುನಾಳ ಶರೀಫರದೋ ಕಡಕೋಳ ಮಡಿವಾಳಪ್ಪನವರದೋ ಒಂದು ಪದವನ್ನು ಮುಂದಿನವರು ಎತ್ತಿಕೊಡುತ್ತಾರೆ. ಹಿಂದಿನವರು ಅದನ್ನು ಹಿಡಿದು ಮರಳಿಸುತ್ತಾರೆ. ಆ ಹಿಂದಿನ ದನಿ ಕೂಡಿದ ಮೇಲೆಯೇ ಪದಕ್ಕೆ ಕಸುವು. ಸುಮ್ಮನೆ ಕೇಳಲು ಬಂದು ಕಟ್ಟೆಯ ಮೇಲೆ ಕೂತವರೂ ಸ್ವಲ್ಪ ಹೊತ್ತಿಗೆ ತೊಡೆ ತಟ್ಟುತ್ತ ದನಿಗೂಡಿಸಿರುತ್ತಾರೆ.

ಅಶ್ವಥ್ ಇದ್ದದ್ದು ಬೆಂಗಳೂರಿನಲ್ಲಿ, ಐಟಿಐ ಕಾರ್ಖಾನೆಯಲ್ಲಿ ನೌಕರಿ. ಆದರೆ ಹಿಂದೂಸ್ತಾನಿ ಕಲಿತದ್ದು ದೇವಗಿರಿ ಶಂಕರರಾವ್ ಜೋಶಿ ಅವರ ಬಳಿ. ಏರುದನಿಯಲ್ಲಿ ಸ್ವರವನ್ನು ಚಾಚಿ ನಿಲ್ಲಿಸುವ ಅವರ ಧೈರ್ಯಕ್ಕೆ ಆ ಪಾಠವೇ ಬೇರು ಎಂದು ನನ್ನ ನಂಬಿಕೆ. ರಂಗಭೂಮಿಯಲ್ಲಿ ಪಳಗಿ, 1977ರ ‘ಕಾಕನಕೋಟೆ’ಯಿಂದ ಸಿನಿಮಾಕ್ಕೆ ಬಂದರು. ಮೈಸೂರು ಅನಂತಸ್ವಾಮಿ ಅವರ ‘ನಿತ್ಯೋತ್ಸವ’ 1978ರಲ್ಲಿ ಕನ್ನಡ ಕವಿತೆಗೆ ಕ್ಯಾಸೆಟ್ಟಿನ ದಾರಿ ತೆರೆದಿತ್ತು. ಅದೇ ದಾರಿಯಲ್ಲಿ ಅಶ್ವಥ್ ಶರೀಫರನ್ನು ಕರೆತಂದರು. ಶಿವಮೊಗ್ಗ ಸುಬ್ಬಣ್ಣ ಅವರ ಕಂಠವೂ ಜೊತೆಯಾಯಿತು. 1990ರಲ್ಲಿ ನಾಗಾಭರಣರ ‘ಸಂತ ಶಿಶುನಾಳ ಶರೀಫ’ ತೆರೆಗೆ ಬಂದಾಗ ಆ ಹಾಡುಗಳು ಮನೆಮನೆಗೂ ತಲುಪಿದವು.

ಸ್ಟುಡಿಯೊದಲ್ಲಿ ಶರೀಫರು ಉಳಿದರು, ಹಿಂದಿನವರು ಮಾತ್ರ ಕಾಣೆಯಾದರು. ಕೋರಸ್ಸಿನವರು ನೇಮಿಸಿದ ಜಾಗದಲ್ಲಿ ನೇಮಿಸಿದಷ್ಟೇ ಹಾಡಬೇಕು. ಮೈದಾನದ ಮುದ್ರಣದಲ್ಲಿ ಆ ಕಟ್ಟು ಬಿಚ್ಚಿಹೋಗಿದೆ. ಚಪ್ಪಾಳೆ, ಕೂಗು, ವೇದಿಕೆಯ ಮೇಲಿನ ದೊಡ್ಡ ಮೇಳದ ದನಿ ಎಲ್ಲವೂ ಒಂದರೊಳಗೊಂದು ಬೆರೆತಿವೆ. ಅಶ್ವಥ್ ಎತ್ತಿಕೊಡುತ್ತಾರೆ, ಬಯಲು ಹಿಡಿದುಕೊಳ್ಳುತ್ತದೆ. ನಾಜೂಕು ಕಡಿಮೆ, ನಿಜ. ನನಗೆ ಬೇಕಾದದ್ದು ಆ ಕಸುವೇ.

ಕಾರ್ಯಕ್ರಮದ ಹೆಸರು ಕುವೆಂಪು ಅವರ ಕವಿತೆಯದು. ಅಶ್ವಥ್ 1939ರಲ್ಲಿ ಹುಟ್ಟಿದ್ದು ಡಿಸೆಂಬರ್ 29ರಂದು, ಕುವೆಂಪು ಹುಟ್ಟಿದ ದಿನ. 2009ರಲ್ಲಿ ತೀರಿಕೊಂಡದ್ದೂ ಅದೇ ದಿನ, ಎಪ್ಪತ್ತು ತುಂಬಿದಂದು. 1819ರಲ್ಲಿ ಹುಟ್ಟಿ 1889ರಲ್ಲಿ ಕಾಲವಾದ ಶರೀಫರೂ ಹುಟ್ಟಿದ ದಿನವೇ ಹೋದರೆಂದು ಹೇಳುತ್ತಾರೆ. ಅಭಿಮಾನಿಗಳು ಇದನ್ನು ಕೈಮುಗಿದು ಹೇಳುವುದನ್ನು ಕೇಳಿದ್ದೇನೆ. ನಾನೂ ಹಾಗೆಯೇ ಹೇಳುತ್ತೇನೆ.

ಈಗ ನಮ್ಮ ಸೀಮೆಯಲ್ಲಿ ಕಬ್ಬಿನ ಹಂಗಾಮಿನಲ್ಲಿ ಕಾರ್ಖಾನೆಗೆ ಹೊರಟ ಟ್ರ್ಯಾಕ್ಟರುಗಳ ಟೇಪಿನಲ್ಲೂ ಅಶ್ವಥ್ ಕೇಳಿಸುತ್ತಾರೆ. ಭಜನೆಗೆ ಬರುವ ಹುಡುಗರು ಶರೀಫರ ಪದವನ್ನು ಅವರ ಧಾಟಿಯಲ್ಲೇ ಎತ್ತುತ್ತಾರೆ. ನಮ್ಮ ಹಳೆಯ ಧಾಟಿ ಹೋಯಿತಲ್ಲ ಎಂದು ಹಿರಿಯರು ನೊಂದುಕೊಳ್ಳುತ್ತಾರೆ. ಆ ನೋವಿನಲ್ಲಿ ಸತ್ಯವಿದೆ. ಒಂದೇ ಪದಕ್ಕೆ ಊರಿಗೊಂದು ಧಾಟಿ ಇದ್ದದ್ದು ಸಣ್ಣ ಸಂಪತ್ತಲ್ಲ. ಹಾಡಬಲ್ಲ ಹಿರಿಯರು ಇನ್ನೂ ಇದ್ದಾರೆ, ಮೊಬೈಲು ಎಲ್ಲರ ಕಿಸೆಯಲ್ಲಿದೆ. ಅವರನ್ನು ಒಬ್ಬರನ್ನೇ ಕೋಣೆಯಲ್ಲಿ ಕೂರಿಸಿ ಹಾಡಿಸುವುದು ಬೇಡ. ಅಮಾವಾಸ್ಯೆಯಂದು ಗುಡಿಯಲ್ಲೇ, ತಾಳದ ಗದ್ದಲ, ಹಿಂದಿನವರ ದನಿ ಸಮೇತ ಮುದ್ರಿಸಿಕೊಳ್ಳಬೇಕು.