ದ್ರಾಕ್ಷಿ ಪಡವೇ ಪ್ರಯೋಗಶಾಲೆ

ಫೆಬ್ರುವರಿ ಬಂತೆಂದರೆ ಹುಬ್ಬಳ್ಳಿ–ಧಾರವಾಡದ ತಳ್ಳುಗಾಡಿಗಳಲ್ಲಿ ದ್ರಾಕ್ಷಿ ತುಂಬಿರುತ್ತದೆ. ನವನಗರದ ನಾವೂ ಕಿಲೋಗಟ್ಟಲೆ ಕೊಂಡು ತರುತ್ತೇವೆ. ಈ ಗೊಂಚಲು ಬಳ್ಳಿಯಲ್ಲಿ ಮೂಡಿದ್ದು ಯಾವಾಗ ಎಂದು ಮಕ್ಕಳನ್ನು ಕೇಳಿದರೆ, ‘ಹೂ ಬಿಟ್ಟಾಗ’ ಎನ್ನುತ್ತಾರೆ. ಸರಿಯಾದ ಉತ್ತರ ಬೇರೆ: ಹಿಂದಿನ ಬೇಸಿಗೆಯಲ್ಲಿ!

ಯೂರೋಪಿನಲ್ಲಿ ಚಳಿಗಾಲ ಬಂದಾಗ ದ್ರಾಕ್ಷಿ ಬಳ್ಳಿ ಎಲೆ ಉದುರಿಸಿ ಮಲಗುತ್ತದೆ. ಅಲ್ಲಿ ವರ್ಷಕ್ಕೊಮ್ಮೆ ಸವರಿದರೆ ಸಾಕು. ನಮ್ಮಲ್ಲಿ ಅಂಥ ಚಳಿ ಇಲ್ಲ. ಆದ್ದರಿಂದ ಏಪ್ರಿಲ್ ಸುಮಾರಿಗೆ ಒಮ್ಮೆ, ಅಕ್ಟೋಬರ್ ಸುಮಾರಿಗೆ ಇನ್ನೊಮ್ಮೆ ಕತ್ತರಿ ಆಡಿಸುತ್ತಾರೆ. ರೈತರು ಇದನ್ನೇ ಚಾಟ್ನಿ ಎನ್ನುವುದು. ಏಪ್ರಿಲ್ ಚಾಟ್ನಿಯಾದ 40ರಿಂದ 60 ದಿನಗಳ ಸುಮಾರಿಗೆ ಎಳೆಯ ಕಡ್ಡಿಯ ಮೊಗ್ಗಿನೊಳಗೆ ಮುಂದಿನ ಗೊಂಚಲಿನ ಅಂಕುರ ಮೂಡುತ್ತದೆ. ಆಗ ನೀರು, ಸಾರಜನಕ ಅತಿಯಾದರೆ ಬಳ್ಳಿ ಸೊಪ್ಪಿನ ಕಡೆಗೇ ಓಡುತ್ತದೆ. ಮೊಗ್ಗಿಗೆ ಬಿಸಿಲು ಸಾಲದಿದ್ದರೆ ಗೊಂಚಲಾಗಬೇಕಿದ್ದ ಅಂಕುರ, ಆಸರೆ ಹಿಡಿಯುವ ಬರೀ ಕುಡಿಯಾಗಿಬಿಡುತ್ತದೆ.

ಹೊರಗಿನಿಂದ ನೋಡಿದರೆ ಇದೊಂದೂ ತಿಳಿಯದು. ಅದಕ್ಕೇ ಅಕ್ಟೋಬರ್ ಚಾಟ್ನಿಗೆ ಮುನ್ನ ಕೆಲವು ಕಡ್ಡಿಗಳನ್ನು ತಂದು, ಮೊಗ್ಗುಗಳನ್ನು ಸೀಳಿ ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸುವ ವಿಧಾನವಿದೆ. ಎಷ್ಟನೆಯ ಗೆಣ್ಣಿನಲ್ಲಿ ಗೊಂಚಲಿದೆಯೋ ಅದರ ಮುಂದಕ್ಕೆ ಕತ್ತರಿಸಬೇಕು. ಪಾಠದ ಕೋಣೆಯಲ್ಲಿ ಕಲಿತ ಸಸ್ಯಶಾಸ್ತ್ರ ರೈತನ ಇಡೀ ವರ್ಷದ ಆದಾಯವನ್ನು ಕಾಯುವುದು ಇಲ್ಲಿ.

ಈ ವಿದ್ಯೆ ಕಲಿಯಲು ದೂರ ಹೋಗಬೇಕಿಲ್ಲ. ಧಾರವಾಡದ ಕೃಷಿ ವಿಶ್ವವಿದ್ಯಾಲಯ 1986ರಲ್ಲೇ ಆರಂಭವಾಯಿತು. 2008ರಲ್ಲಿ ಬಾಗಲಕೋಟೆಯಲ್ಲಿ ತೋಟಗಾರಿಕೆಗೆಂದೇ ಪ್ರತ್ಯೇಕ ವಿಶ್ವವಿದ್ಯಾಲಯ ಬಂತು. ಬೆಳಗಾವಿ ಜಿಲ್ಲೆಯ ಅರಭಾವಿಯ ತೋಟಗಾರಿಕೆ ಕಾಲೇಜು, ವಿಜಯಪುರ ಬಳಿಯ ತಿಡಗುಂದಿಯ ಸಂಶೋಧನಾ ಕೇಂದ್ರ ಅದರ ಅಂಗಗಳು. ಒಣದ್ರಾಕ್ಷಿಗೆ ಹೆಸರಾದ ವಿಜಯಪುರ ಬರಕ್ಕೂ ಹೆಸರಾದ ಜಿಲ್ಲೆ. ಬರಗಾಲದಲ್ಲಿ ಅಲ್ಲಿ ಬಳ್ಳಿ ಉಳಿಸಲು ರೈತರು ಟ್ಯಾಂಕರ್ ನೀರು ಕೊಂಡದ್ದುಂಟು. ಬರ ಮತ್ತು ಸವಳು ನೀರನ್ನು ತಾಳುವ, ಅಮೆರಿಕ ಮೂಲದ ‘ಡಾಗ್‌ರಿಜ್’ ಗಿಡ ನೆಟ್ಟು ಅದರ ಮೇಲೆ ಥಾಮ್ಸನ್ ಸೀಡ್‌ಲೆಸ್‌ನಂಥ ತಳಿಯನ್ನು ಕಸಿ ಕಟ್ಟುವ ಪದ್ಧತಿ ಬಳಕೆಗೆ ಬಂದದ್ದು ಇದೇ ಕಾರಣಕ್ಕೆ.

ನೀರಿನ ಲೆಕ್ಕ ಹೈಸ್ಕೂಲು ಮಕ್ಕಳಿಗೂ ಸುಲಭ. ಒಂದು ಚದರ ಮೀಟರ್ ನೆಲದ ಮೇಲೆ ಒಂದು ಮಿಲಿಮೀಟರ್ ನೀರು ಎಂದರೆ ಒಂದು ಲೀಟರ್. ಎಕರೆಗೆ ಸುಮಾರು 4,000 ಚದರ ಮೀಟರ್. ಅಂದಮೇಲೆ ಕಣ್ಣಂದಾಜಿನಲ್ಲಿ ಒಂದು ಮಿಲಿಮೀಟರ್ ಹೆಚ್ಚು ಹಾಯಿಸಿದರೂ ಎಕರೆಗೆ 4,000 ಲೀಟರ್ ವ್ಯರ್ಥ. ಸಣ್ಣದೊಂದು ಟ್ಯಾಂಕರೇ ಹೋದಂತೆ! ಆದ್ದರಿಂದಲೇ ದಿನವೂ ಆವಿಯಾಗುವ ನೀರನ್ನು ಅಳೆದು, ಹನಿ ನೀರಾವರಿಯಲ್ಲಿ ಬೇಕಾದಷ್ಟನ್ನೇ ಬೇರಿಗೆ ಕೊಡುವುದು.

ಔಷಧ ಸಿಂಪಡಣೆಗೂ ಇದೇ ಮಾತು. ಬೂಜು ತುಪ್ಪಟ ರೋಗ ಹರಡಲು ಎಲೆಯ ಮೇಲೆ ತೇವ ಬೇಕು. ಮಳೆ, ಇಬ್ಬನಿ, ಉಷ್ಣಾಂಶ ಗಮನಿಸಿದವನು ಅಗತ್ಯವಿದ್ದಾಗ ಮಾತ್ರ ಸಿಂಪಡಿಸುತ್ತಾನೆ. ಹೆದರಿದವನು ದಿನ ಬಿಟ್ಟು ದಿನ ಸಿಂಪಡಿಸುತ್ತಾನೆ. 2010ರಲ್ಲಿ ಯೂರೋಪಿಗೆ ಹೋದ ಭಾರತದ ದ್ರಾಕ್ಷಿಯಲ್ಲಿ ಕ್ಲೋರ್‌ಮೆಕ್ವಾಟ್ ಎಂಬ ಬೆಳವಣಿಗೆ ನಿಯಂತ್ರಕದ ಶೇಷ ಮಿತಿ ಮೀರಿದ್ದು ಕಂಡು ರಫ್ತಿಗೆ ದೊಡ್ಡ ಪೆಟ್ಟು ಬಿತ್ತು. ಬಳ್ಳಿಯ ಸೊಕ್ಕು ತಗ್ಗಿಸಿ ಮೊಗ್ಗು ಫಲವತ್ತಾಗಲೆಂದು ಹೊಡೆದ ಔಷಧವೇ ಬೆಳೆಗಾರನಿಗೆ ಮುಳುವಾಯಿತು.

ಪಾಲಕರು ಒಂದು ಮಾತು ಯೋಚಿಸಬೇಕು. ಸಿ.ಇ.ಟಿ. ಫಲಿತಾಂಶ ಬಂದಾಗ ಎಂಜಿನಿಯರಿಂಗ್, ಮೆಡಿಕಲ್ ಸಿಗದವರ ಪಾಲಿಗೆ ಕೃಷಿ ಎಂಬ ಭಾವನೆ ಇನ್ನೂ ಹೋಗಿಲ್ಲ. ತೋಟಗಾರಿಕೆ ಪದವಿ ನಾಲ್ಕು ವರ್ಷದ್ದು. ಕೊನೆಯ ವರ್ಷ ವಿದ್ಯಾರ್ಥಿಗಳು ಹಳ್ಳಿಗೆ ಹೋಗಿ ರೈತರ ಜೊತೆ ದುಡಿದು ಕಲಿಯಬೇಕು. ನೀರು, ಮಣ್ಣು ಎರಡನ್ನೂ ಉಳಿಸಿ ಬೆಳೆ ತೆಗೆಯುವುದಕ್ಕೆ ಬೇಕಾಗುವ ಬುದ್ಧಿ ಯಾವ ಶಾಸ್ತ್ರಕ್ಕಿಂತಲೂ ಕಡಿಮೆಯದಲ್ಲ.

ಮಕ್ಕಳೇ, ನೀವು ಇಂದೇ ಆರಂಭಿಸಬಹುದು. ನೇರ ಗೋಡೆಯ ಅಗಲ ಪಾತ್ರೆಯಲ್ಲಿ ನೀರು ತುಂಬಿ ಅಂಗಳದ ಬಿಸಿಲಲ್ಲಿಡಿ. ಹಕ್ಕಿಗಳು ಕುಡಿಯದಂತೆ ಮೇಲೆ ಜಾಳಿಗೆ ಮುಚ್ಚಿ. ಸ್ಕೇಲು ಹಿಡಿದು ವಾರವಿಡೀ ಒಂದೇ ಹೊತ್ತಿಗೆ ಅಳೆದು, ಎಷ್ಟು ಮಿಲಿಮೀಟರ್ ಇಳಿಯಿತೆಂದು ಬರೆದಿಡಿ. ಬಳ್ಳಿಯ ಬಾಯಾರಿಕೆ ಅಳೆಯುವ ಮೊದಲ ಪಾಠ ಅದೇ.