ಸಂಪರ್ಕವು ಎಲ್ಲಿ ಕಡಿಯುತ್ತದೆ?

ಕಳೆದ ಮಳೆಗಾಲದಲ್ಲಿ ನಾವು ಹೊಸನಗರ ತಾಲ್ಲೂಕಿನ ಹುಂಚದಲ್ಲಿರುವ ನಮ್ಮ ತಮ್ಮನ ಮನೆಯಲ್ಲಿ ಕೆಲವು ದಿನ ಇದ್ದೆವು. ತಮ್ಮನ ಮಗಳಿಗೆ ಉದ್ಯೋಗದ ಸಂದರ್ಶನವೊಂದು ಕಂಪ್ಯೂಟರಿನ ಮೂಲಕ ಮನೆಯಲ್ಲಿಯೇ ನಡೆಯಬೇಕಾಗಿದ್ದಿತು. ಅದಕ್ಕೆ ನಾಲ್ಕು ದಿನ ಮುಂಚಿನಿಂದಲೂ ವೈಫೈ ಸಂಪರ್ಕವು ಗಳಿಗೆಗೊಮ್ಮೆ ಕಡಿದುಹೋಗುತ್ತಿದ್ದಿತು. ತಪ್ಪು ಸಂಪರ್ಕವನ್ನೊದಗಿಸುವವರದೇ ಎಂದು ನಾವು ವಿಚಾರಣೆಯಿಲ್ಲದೆಯೇ ತೀರ್ಪು ಕೊಟ್ಟು, ಅವರೊಡನೆ ಫೋನಿನಲ್ಲಿ ಕಠಿನವಾಗಿ ಮಾತನಾಡಿದೆವು. ಆ ತೀರ್ಪು ಸರಿಯಲ್ಲವೆಂದು ತಿಳಿದ ಬಗೆಯನ್ನು ನಿವೇದಿಸಿದರೆ, ಇಂಥದೇ ತೊಂದರೆಗೆ ಸಿಕ್ಕಿದವರಿಗೆ ಪ್ರಯೋಜನವಾದೀತು.

ನಾವು ಒಂದೇ ಎಂದು ಭಾವಿಸುವ ಸಂಪರ್ಕದಲ್ಲಿ ಎರಡು ಭಾಗಗಳುಂಟು. ಮೊದಲನೆಯದು, ಕಂಬಗಳ ಮೇಲಿಂದ ಮನೆಯ ಪೆಟ್ಟಿಗೆಯವರೆಗೆ ಬರುವ ಗಾಜಿನ ಎಳೆ, ಅಂದರೆ ಫೈಬರ್. ಇದರಲ್ಲಿ ಸುದ್ದಿಯು ಬೆಳಕಿನ ರೂಪದಲ್ಲಿ ಬರುವುದು. ಎರಡನೆಯದು, ರೂಟರ್ ಎಂಬ ಆ ಪೆಟ್ಟಿಗೆಯಿಂದ ನಮ್ಮ ಕೈಯ ಫೋನಿನವರೆಗಿನ ರೇಡಿಯೋ ಅಲೆಗಳ ದಾರಿ. ವೈಫೈ ಎಂಬ ಹೆಸರು ಸಲ್ಲುವುದು ಇದಕ್ಕೆ ಮಾತ್ರ. ಎಲ್ಲಿ ಕಡಿಯಿತೆಂಬುದನ್ನು ಗೊತ್ತುಮಾಡದೆ ಚಿಕಿತ್ಸೆಗೆ ಹೊರಡುವುದು, ನಾಡಿ ನೋಡದೆ ಔಷಧ ಕೊಟ್ಟಂತೆ.

ಗೊತ್ತುಮಾಡುವ ಬಗೆ ಕಷ್ಟವಲ್ಲ. ಪೆಟ್ಟಿಗೆಯಲ್ಲಿ ಎಲ್‌ಓಎಸ್ ಎಂದು ಗುರುತಿಸಿದ ಕೆಂಪು ದೀಪ ಹೊತ್ತಿದ್ದರೆ, ಬೆಳಕು ಮನೆಯನ್ನು ಮುಟ್ಟಿಲ್ಲವೆಂದರ್ಥ. ಮರದ ಕೊಂಬೆ ಬಿದ್ದು ಎಳೆ ತುಂಡಾಗಿರಬಹುದು. ಆಗ ದೂರು ಕೊಡುವುದೇ ದಾರಿ. ಕೆಂಪು ದೀಪವಿಲ್ಲದಿದ್ದರೆ, ಕಂಪ್ಯೂಟರನ್ನು ಕೇಬಲಿನಿಂದ ನೇರವಾಗಿ ಪೆಟ್ಟಿಗೆಗೆ ಜೋಡಿಸಿ ನೋಡತಕ್ಕದ್ದು. ಕೇಬಲಿನಲ್ಲಿಯೂ ಕಡಿದರೆ ದೋಷವು ಪೆಟ್ಟಿಗೆಯಲ್ಲಿ ಅಥವಾ ಹೊರಗೆ. ವೈಫೈಯಲ್ಲಿ ಮಾತ್ರ ಕಡಿದರೆ ಅಲೆಯ ದಾರಿಯಲ್ಲಿ. ನಾವು ಪರೀಕ್ಷಿಸಿದಾಗ ಹಗಲೆಲ್ಲ ಕೇಬಲಿನ ಸಂಪರ್ಕ ನಿಂತಿತು. ಎರಡು ಕೋಣೆಯಾಚೆ ವೈಫೈ ಮಾತ್ರ ಕಡಿಯುತ್ತಿದ್ದಿತು.

ಕಾರಣವೇನು? 1935ರಲ್ಲಿ ಪ್ರೊಫೆಸರ್ ಎಂ. ವಿ. ಗೋಪಾಲಸ್ವಾಮಿಯವರು ಮೈಸೂರಿನ ತಮ್ಮ ಮನೆಯಲ್ಲಿ ಆರಂಭಿಸಿದ ಆಕಾಶವಾಣಿಯ ಪ್ರೇಷಕಯಂತ್ರದ ಶಕ್ತಿ 30 ವ್ಯಾಟು. ಮನೆಯ ರೂಟರಿನದು ಸಾಮಾನ್ಯವಾಗಿ ಒಂದು ವ್ಯಾಟಿನ ಹತ್ತನೆಯ ಒಂದು ಪಾಲಿನ ಆಸುಪಾಸು. ಅದರ ಅಲೆಯೂ ಗಿಡ್ಡ: 2.4 ಗಿಗಾಹರ್ಟ್ಸಿನಲ್ಲಿ ಸುಮಾರು 12 ಸೆಂಟಿಮೀಟರು, 5 ಗಿಗಾಹರ್ಟ್ಸಿನಲ್ಲಿ ಸುಮಾರು 6. ಮಲೆನಾಡಿನ ದಪ್ಪ ಜಂಬಿಟ್ಟಿಗೆಯ ಗೋಡೆ, ಅದರಲ್ಲಿಯೂ ಮಳೆಯ ತೇವ ಕುಡಿದ ಗೋಡೆ, ಇಂಥ ಅಲೆಯನ್ನು ಹೀರಿಕೊಳ್ಳುವುದು. ಕಬ್ಬಿಣದ ಬೀರು ಅದನ್ನು ಹಿಂದಕ್ಕೆ ತಿರುಗಿಸುವುದು. 5 ಗಿಗಾಹರ್ಟ್ಸಿನಲ್ಲಿ ವೇಗ ಹೆಚ್ಚು, ಗೋಡೆ ದಾಟುವ ಶಕ್ತಿ ಕಡಮೆ. ತಮ್ಮನ ಮನೆಯಲ್ಲಿ ರೂಟರು ಬೀರುವಿನ ಹಿಂದೆಯೇ ಇದ್ದಿತು! ಅದನ್ನು ನಡುಮನೆಯಲ್ಲಿ ಎತ್ತರಕ್ಕಿಟ್ಟು, ದೂರದ ಕೋಣೆಗೆ 2.4ನ್ನು ಆರಿಸಿಕೊಂಡೆವು, ಹಗಲಿನ ತೊಂದರೆ ನಿಂತಿತು. ಪಟ್ಟಣದ ಫ್ಲ್ಯಾಟುಗಳಲ್ಲಿ ತೊಡಕು ಬೇರೆ. ಅಲ್ಲಿ ನೆರೆಯವರ ರೂಟರುಗಳೂ ಅಡಿಗೆಮನೆಯ ಮೈಕ್ರೋವೇವ್ ಒಲೆಯೂ ಇದೇ 2.4ರಲ್ಲಿ ಗದ್ದಲವೆಬ್ಬಿಸುವುವು. ಒಂದರ ಮೇಲೊಂದು ಬೀಳದ 1, 6, 11ನೆಯ ಚಾನೆಲುಗಳಲ್ಲಿ ಸಂದಣಿ ಕಡಮೆಯಿರುವುದನ್ನು ಆರಿಸಿಕೊಳ್ಳುವುದು ಅಲ್ಲಿ ಉಚಿತ.

ಹುಂಚದಲ್ಲಿ ಸಂಜೆಯ ತೊಂದರೆ ಮಾತ್ರ ಉಳಿಯಿತು. ಆಗ ಕೇಬಲಿನ ಸಂಪರ್ಕವೂ ಕಡಿಯುತ್ತಿದ್ದಿತು. ಪೆಟ್ಟಿಗೆಯ ದೀಪಗಳೆಲ್ಲ ಒಮ್ಮೆ ಆರಿ ಹೊತ್ತುತ್ತಿದ್ದುವು. ಹೊರಗಿನವರನ್ನು ದೂರಲು ನಾವು ಮತ್ತೆ ಸಿದ್ಧರಾದಾಗ ಹುಡುಗಿಯು, “ದೊಡ್ಡಪ್ಪ, ಬಾವಿಯ ಪಂಪು ಹಾಕಿದಾಗಲೇ ಹೋಗುತ್ತದಲ್ಲವೇ?” ಎಂದಳು. ನಿಜ. ಪಂಪು ಹೊರಡುವ ಕ್ಷಣದಲ್ಲಿ ವಿದ್ಯುತ್ತಿನ ಒತ್ತಡ ಕುಸಿದು, ಪೆಟ್ಟಿಗೆಯು ನಿಂತು ಮತ್ತೆ ಮೊದಲಿನಿಂದ ಆರಂಭವಾಗುತ್ತಿದ್ದಿತು. ರೂಟರಿಗೆಂದೇ ಮಾರುವ ಸಣ್ಣ ಬ್ಯಾಟರಿಯೊಂದನ್ನು ಜೋಡಿಸಿದೆವು, ಅದೂ ಪರಿಹಾರವಾಯಿತು.

ದೋಷಗಳು ಎರಡಿದ್ದುದರಿಂದಲೇ ನಮಗೆ ದಿಕ್ಕು ತಪ್ಪಿದ್ದು. ಆದುದರಿಂದ ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ ಫಲವನ್ನು ನೋಡಬೇಕು. ಕಡಿದ ಹೊತ್ತು, ಆಗ ಉರಿಯುತ್ತಿದ್ದ ದೀಪ, ನಡೆಯುತ್ತಿದ್ದ ಯಂತ್ರ, ಇವನ್ನು ಒಂದು ಚೀಟಿಯಲ್ಲಿ ಬರೆದಿಡಬೇಕು. ಕೊನೆಗೆ ದೂರು ಕೊಡಬೇಕಾಗಿ ಬಂದರೂ ಕೋಪಕ್ಕಿಂತ ಆ ಚೀಟಿಯೇ ಹೆಚ್ಚು ಕೆಲಸ ಮಾಡುವುದು.

ಸಂದರ್ಶನವು ನಡುವೆ ಒಮ್ಮೆಯೂ ಕಡಿಯದೆ ಮುಗಿಯಿತು. ಆ ಸಂಜೆ ನಾವು ಮತ್ತೆ ಫೋನು ಮಾಡಿ, ಹಿಂದೆ ಆಡಿದ ಮಾತಿಗೆ ಕ್ಷಮೆ ಕೇಳಿದೆವು.