ಹಳೆಯ ಅಂಬಾಸಿಡರ್‌ಗೆ ಕ್ರ್ಯಾಂಕ್ ಸೆನ್ಸರ್ ಹಾಕಿದರೆ ಮೈಲೇಜ್ ದುಪ್ಪಟ್ಟಾಗುತ್ತಾ?

ಇಲವಾಲದ ಮನೆಯ ಮುಂದೆ ಅಜ್ಜನ ಕಾಲದ 1489 ಸಿಸಿ ಪೆಟ್ರೋಲ್ ಅಂಬಾಸಿಡರ್ ನಿಂತಿದೆ ಎಂದುಕೊಳ್ಳಿ. ಹುಣಸೂರು ರಸ್ತೆಗೆ ಇಳಿಸಿದರೆ ಎಂಜಿನ್ ಮಿಸ್ ಹೊಡೆಯುತ್ತದೆ. ಅಷ್ಟರಲ್ಲಿ ‘ಒಂದು ಸೆನ್ಸರ್ ಹಾಕಿಸಿ, ಮೈಲೇಜ್ ದುಪ್ಪಟ್ಟು’ ಎಂದು ಯಾರೋ ಮೆಸೇಜ್ ಕಳಿಸುತ್ತಾರೆ. ನಂಬಬಹುದೇ?

ಇಲ್ಲ. ಬರೀ ಸೆನ್ಸರ್‌ನಿಂದ ಒಂದು ಹನಿ ಪೆಟ್ರೋಲೂ ಉಳಿಯುವುದಿಲ್ಲ.

ಸೆನ್ಸರ್ ಏನು ಮಾಡುತ್ತದೆ?

ಹಳೆಯ ಎಂಜಿನ್‌ನಲ್ಲಿ ಕಿಡಿ ಯಾವಾಗ ಹಾರಬೇಕೆಂದು ಹೇಳುವುದು ಡಿಸ್ಟ್ರಿಬ್ಯೂಟರ್ ಒಳಗಿನ ಪಾಯಿಂಟ್. 3000 ಆರ್‌ಪಿಎಂನಲ್ಲಿ ಅದು ಸೆಕೆಂಡಿಗೆ 100 ಸಲ ತೆರೆದು ಮುಚ್ಚುತ್ತದೆ. ಸವೆದಂತೆ ಟೈಮಿಂಗ್ ತಪ್ಪುತ್ತದೆ.

ಹೊಸ ವಿಧಾನದಲ್ಲಿ ಕ್ರ್ಯಾಂಕ್ ಪುಲ್ಲಿಗೆ ಹಲ್ಲುಚಕ್ರ ಕೂರಿಸುತ್ತಾರೆ. 36 ಹಲ್ಲಿನ ಜಾಗದಲ್ಲಿ ಒಂದನ್ನು ಖಾಲಿ ಬಿಟ್ಟಿರುತ್ತಾರೆ. ಪ್ರತಿ ಹಲ್ಲಿಗೆ 10 ಡಿಗ್ರಿ. ಖಾಲಿ ಜಾಗ ದಾಟಿದಾಗ ಕ್ರ್ಯಾಂಕ್ ಎಲ್ಲಿದೆ ಎಂದು ಗೊತ್ತಾಗುತ್ತದೆ. ಸೆನ್ಸರ್ ಅದನ್ನು ಇಸಿಯುಗೆ ತಿಳಿಸುತ್ತದೆ; ಕಿಡಿ ಹಾರಿಸುವುದು ಇಸಿಯು ಮತ್ತು ಕಾಯಿಲ್. ಅಂದರೆ ಚಕ್ರ, ಸೆನ್ಸರ್, ಇಸಿಯು, ಕಾಯಿಲ್ ನಾಲ್ಕೂ ಬೇಕು.

ಹಾಗಾದರೆ ಮೈಲೇಜ್?

ಪೆಟ್ರೋಲ್ ಅಳೆದು ಕೊಡುವುದು ಆಗಲೂ ಹಳೆಯ ಕಾರ್ಬುರೇಟರೇ. ಟೈಮಿಂಗ್ ಕೆಟ್ಟಿದ್ದರೆ ಸ್ವಲ್ಪ ಸುಧಾರಣೆ ಕಾಣಬಹುದು, ದುಪ್ಪಟ್ಟು ಆಗದು. ನಿಜವಾದ ಲಾಭವೆಂದರೆ ಟೈಮಿಂಗ್ ಕದಲದೆ ನಿಲ್ಲುವುದು, ಪಾಯಿಂಟ್ ಉಜ್ಜುವ ಕೆಲಸ ತಪ್ಪುವುದು.

ಹಾಕಿಸುವಾಗ ಎಚ್ಚರ

* ಸೆನ್ಸರ್‌ಗೂ ಹಲ್ಲಿಗೂ ನಡುವೆ ಸಾಮಾನ್ಯವಾಗಿ 1 ಮಿ.ಮೀ. ಆಸುಪಾಸಿನ ಅಂತರ ಇರಬೇಕು. ಚಕ್ರ ಓಲಾಡಬಾರದು.
* ಬ್ರಾಕೆಟ್ ಗಟ್ಟಿಯಾಗಿ ಎಂಜಿನ್‌ಗೇ ಕೂತಿರಬೇಕು. ಬಾಡಿಗೆ ಕೂರಿಸಿದರೆ ಎಂಜಿನ್ ಅದುರಿದಾಗ ಅಂತರ ಬದಲಾಗುತ್ತದೆ.
* ಸೆನ್ಸರ್ ವೈರನ್ನು ಸ್ಪಾರ್ಕ್ ಪ್ಲಗ್ ವೈರ್‌ಗಳಿಂದ ದೂರ ಎಳೆಯಿರಿ.
* ಮೊದಲ ಸಿಲಿಂಡರಿನ ಪಿಸ್ಟನ್ ತುತ್ತತುದಿಗೆ ಬರುವ ಗುರುತನ್ನು ಟೈಮಿಂಗ್ ಲೈಟ್‌ನಿಂದ ಪರೀಕ್ಷಿಸಲೇಬೇಕು. ಕಿಡಿ ತೀರಾ ಮುಂಚೆ ಹಾರಿದರೆ ಎಂಜಿನ್ ನಾಕ್ ಆಗಿ ಪಿಸ್ಟನ್ ಹಾಳಾಗಬಹುದು.

ಇನ್ನೊಂದು ಮಾತು: ಪಾಯಿಂಟ್ ಸವೆದರೂ ಗಾಡಿ ಹೇಗೋ ಮನೆ ಸೇರುತ್ತದೆ. ಸೆನ್ಸರ್ ಸಿಗ್ನಲ್ ನಿಂತರೆ ಎಂಜಿನ್ ಅಲ್ಲೇ ಆಫ್. ದೂರ ಹೋಗುವಾಗ ಒಂದು ಸೆನ್ಸರ್ ಜೊತೆಗಿರಲಿ.

ಮೊದಲು ಪ್ಲಗ್, ಪಾಯಿಂಟ್, ಕಂಡೆನ್ಸರ್, ಟೈಮಿಂಗ್ ನೋಡಿಸಿ. ಎಷ್ಟೋ ಸಲ ಮಿಸ್ಸಿಂಗ್ ಅಲ್ಲೇ ನಿಲ್ಲುತ್ತದೆ. ಪಾಯಿಂಟ್ ಕಾಟವೇ ಬೇಡವೆಂದರೆ ಡಿಸ್ಟ್ರಿಬ್ಯೂಟರ್ ಒಳಗೇ ಕೂರುವ ಎಲೆಕ್ಟ್ರಾನಿಕ್ ಕಿಟ್ ಕಡಿಮೆ ಖರ್ಚಿನ ದಾರಿ.

ಆ ಮೆಸೇಜ್ ಮತ್ತೆ ಬಂದರೆ ಫಾರ್ವರ್ಡ್ ಮಾಡುವ ಮುನ್ನ ಕೇಳಿ: ‘ಇಸಿಯು ಎಲ್ಲಿ?’